ಪತ್ತೇದಾರ ಅಂದರೆ ಯಾರು ಸ್ವಾಮಿ?

ನಮ್ಮ ಬೀದಿಯಲ್ಲಿ ಯಾರಾದರೂ ಲೆಕ್ಕಕ್ಕಿಂತ ಹೆಚ್ಚು ಪ್ರಶ್ನೆ ಕೇಳಿದರೆ ‘ಏನ್ರೀ, ನೀವೇನು ಸಿ.ಐ.ಡಿ.ನಾ?’ ಅನ್ನುತ್ತಾರೆ. ‘ಪತ್ತೇದಾರರಾ?’ ಎಂದು ಕೇಳಿದವರನ್ನು ನಾನಂತೂ ಕಂಡಿಲ್ಲ. ನೋಡಿದರೆ ಸಿ.ಐ.ಡಿ. ಒಂದು ಸರ್ಕಾರಿ ಇಲಾಖೆ. 1878ರಲ್ಲಿ ಲಂಡನ್ ಪೊಲೀಸರು ಕಟ್ಟಿಕೊಂಡದ್ದು, ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬ್ರಿಟಿಷರ ಬೆನ್ನಿಗೆ ಇಲ್ಲಿಗೂ ಬಂದು ಬೇರೂರಿದ್ದು. ಅಲ್ಲಿರುವವರಿಗೆ ಸಂಬಳ, ಪಿಂಚಣಿ, ವರ್ಗಾವಣೆ ಎಲ್ಲವೂ ಉಂಟು. ಆದರೆ ಕನ್ನಡದ ಕಿವಿಗೆ ಸಿ.ಐ.ಡಿ. ಅಂದರೆ ಇಲಾಖೆಯಲ್ಲ, ಒಬ್ಬ ಮನುಷ್ಯ. ಆ ಮನುಷ್ಯನಿಗೆ ಮುಖ ಕೊಟ್ಟವರು ರಾಜ್‌ಕುಮಾರ್. 1968ರಲ್ಲಿ ‘ಜೇಡರ ಬಲೆ’ ಬಂತು, ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’ ಬಂತು. ಕಚ್ಚೆ ಪಂಚೆಯ, ಕಿರೀಟದ ರಾಜ್‌ಕುಮಾರ್ ಕೋಟು ಬೂಟು ಹಾಕಿ ಪಿಸ್ತೂಲು ಹಿಡಿದದ್ದೇ ತಡ, ಮೂರು ಇಂಗ್ಲಿಷ್ ಅಕ್ಷರಗಳು ಅಪ್ಪಟ ಕನ್ನಡ ಪದವಾಗಿಬಿಟ್ಟವು. ಈಗ ಅಡುಗೆಮನೆಯಲ್ಲಿ ಡಬ್ಬದ ಮುಚ್ಚಳ ತೆಗೆದು ನೋಡುವ ಮಗುವೂ ಸಿ.ಐ.ಡಿ.ಯೇ.

ಹಾಗಾದರೆ ಪತ್ತೇದಾರ ಎಲ್ಲಿ ಹೋದ? ಪುಸ್ತಕದ ಹೊದಿಕೆಗೆ ಹೋದ. ಎನ್. ನರಸಿಂಹಯ್ಯನವರು ನೂರಾರು ಪತ್ತೇದಾರಿ ಕಾದಂಬರಿ ಬರೆದು ಪುರುಷೋತ್ತಮ, ಮಧುಸೂದನ, ಅರಿಂಜಯರನ್ನು ಮನೆಮನೆಯ ಪರಿಚಯಸ್ಥರನ್ನಾಗಿ ಮಾಡಿದರು. ಬಸ್ ನಿಲ್ದಾಣದ ಅಂಗಡಿಯಲ್ಲಿ ಕೊಂಡು, ಬಾಡಿಗೆ ಲೈಬ್ರರಿಯಿಂದ ತಂದು, ಸಮಾಜ ವಿಜ್ಞಾನದ ಪುಸ್ತಕದೊಳಗೆ ಬಚ್ಚಿಟ್ಟುಕೊಂಡು ಓದಿದ ತಲೆಮಾರು ಇನ್ನೂ ಇದೆ. ಕನ್ನಡ ಓದುವುದನ್ನು ಅವರಿಂದ ಕಲಿತೆವು ಎಂದು ದೊಡ್ಡ ಸಾಹಿತಿಗಳು ಮುಪ್ಪಿನಲ್ಲಿ ಒಪ್ಪಿಕೊಳ್ಳುತ್ತಾರೆ, ಪ್ರಾಯದಲ್ಲಿ ಒಪ್ಪಿಕೊಳ್ಳುವುದಿಲ್ಲ. 2019ರ ‘ಬೆಲ್ ಬಾಟಂ’ ಚಿತ್ರದ ದಿವಾಕರನೂ ಅದೇ ಜಾತಿಯವನು, ಕಾದಂಬರಿ ಓದಿ ಡಿಟೆಕ್ಟಿವ್ ಆಗುವ ಹುಚ್ಚು ಹಿಡಿಸಿಕೊಂಡವನು. ಇಷ್ಟೆಲ್ಲ ಆದರೂ ಜೀವವಿರುವ, ಬಾಡಿಗೆ ಕಟ್ಟುವ, ಬೋರ್ಡು ಹಾಕಿಕೊಂಡ ಒಬ್ಬ ಪತ್ತೇದಾರನನ್ನು ನಮ್ಮಲ್ಲಿ ಎಷ್ಟು ಜನ ಕಂಡಿದ್ದಾರೆ? ಪದ ಎಲ್ಲರಿಗೂ ಗೊತ್ತು, ಮನುಷ್ಯ ಯಾರಿಗೂ ಗೊತ್ತಿಲ್ಲ.

ಈ ಮಾತನ್ನು ಪಕ್ಕದ ಮನೆಯ ಮೇಷ್ಟ್ರ ಹತ್ತಿರ ತೆಗೆದೆ. ನಿವೃತ್ತ ಕನ್ನಡ ಮೇಷ್ಟ್ರು. ಕಾಂಪೌಂಡಿನ ಆ ಕಡೆಯಿಂದ ಮೊಣಕೈ ಊರಿ ನಿಂತರೆಂದರೆ ಅವರ ಕಾಫಿ ತಣ್ಣಗಾಗುತ್ತದೆ, ನನ್ನ ಆಫೀಸು ತಡವಾಗುತ್ತದೆ.

“ಪತ್ತೆ ಅನ್ನೋದು ಉತ್ತರದ ಕಡೆಯ ಪದ ಕಣ್ರೀ. ಮರಾಠಿ, ಹಿಂದಿಯೋರಿಗೆ ಪತ್ತಾ ಅಂದರೆ ವಿಳಾಸ. ನಮ್ಮವರು ಅದನ್ನ ತಗೊಂಡು ವಿಳಾಸ ಬಿಟ್ಟರು, ಸುಳಿವು ಇಟ್ಟುಕೊಂಡರು. ‘ಆಸಾಮಿ ಪತ್ತೆಯೇ ಇಲ್ಲ’ ಅಂತೀವಲ್ಲ, ಅದು. ಅದಕ್ಕೆ ಪಾರ್ಸಿಯ ದಾರ ಕಟ್ಟಿದರು. ಜಮೀನ್ದಾರ, ಹವಾಲ್ದಾರ, ಅರ್ಜಿದಾರ, ಗುತ್ತಿಗೆದಾರ, ಬಾಕಿದಾರ. ಹಾಗೇ ಪತ್ತೇದಾರ.”

“ಅಂದರೆ ತಾಲ್ಲೂಕು ಕಚೇರಿಯಲ್ಲಿ ಕೂತಿರಬೇಕಾದ ಆಸಾಮಿ.”

“ಅದಕ್ಕೇ ಹೇಳೋದು, ಆ ಪದಕ್ಕೆ ಸೀಲು ಮೊಹರಿನ ವಾಸನೆ ಇದೆ. ಖಾಸಗಿ ಅಂತ ಮುಂದೆ ಸೇರಿಸಿದರೂ ಹೋಗಲ್ಲ.”

ಹಾಗಿದ್ದರೆ ಗೂಢಚಾರ, ಬೇಹುಗಾರ, ಗುಪ್ತಚರ ಎಂಬ ಹಳೆಯ ಮಾತುಗಳಿವೆಯಲ್ಲ ಅಂದೆ. ಮೇಷ್ಟ್ರು ತಲೆಯಾಡಿಸಿದರು. ಅವೆಲ್ಲ ರಾಜನ ಉಪ್ಪು ತಿಂದವರ ಹೆಸರು. ಬೇಹು ಹಳಗನ್ನಡ ನಡುಗನ್ನಡ ಕಾವ್ಯಗಳ ಕಾಲದ್ದು. ಆದರೆ ಬೇಹಿನವನು ಹೋಗುವುದು ಶತ್ರುವಿನ ಪಾಳೆಯಕ್ಕೆ, ಭಾವೀ ಅಳಿಯನ ಪೇಯಿಂಗ್ ಗೆಸ್ಟ್ ಕೋಣೆಗಲ್ಲ. ಇವತ್ತಿಗೂ ಪತ್ರಿಕೆಯವರು ಬೇಹುಗಾರಿಕೆ ಎಂದು ಬರೆದರೆ ಎರಡು ದೇಶಗಳ ನಡುವೆ ಏನೋ ಆಗಿದೆ ಎಂದೇ ಅರ್ಥ, ಗುಪ್ತಚರ ಎಂದರೆ ಸರ್ಕಾರದ ಇಲಾಖೆ, ತನಿಖೆ ಎಂದರೆ ಪೊಲೀಸರದು. ದುಡ್ಡು ಕೊಟ್ಟವರ ಪರವಾಗಿ ಸುಳಿವು ಹುಡುಕುವ ಸಾಮಾನ್ಯ ಮನುಷ್ಯನಿಗೆ ಈ ಮನೆಗಳಲ್ಲಿ ಎಲ್ಲೂ ಜಾಗವಿಲ್ಲ.

ಗೂಢಚಾರರ ಸಂಪತ್ತು ಎಷ್ಟಿತ್ತು ಎಂಬುದಕ್ಕೆ ಸಾಕ್ಷಿ ನಮ್ಮ ಮೈಸೂರಿನಲ್ಲೇ ಸಿಕ್ಕಿತು. ಓರಿಯಂಟಲ್ ಲೈಬ್ರರಿಯಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿಯನ್ನು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದರು. ಅದರಲ್ಲಿ ಗೂಢಪುರುಷರ ಬಗೆ ನೋಡಬೇಕು: ವಿದ್ಯಾರ್ಥಿಯ ವೇಷದ ಕಾಪಟಿಕ, ರೈತನ ವೇಷದ ಗೃಹಪತಿಕ, ವ್ಯಾಪಾರಿಯ ವೇಷದ ವೈದೇಹಕ, ಜಡೆ ಬಿಟ್ಟ ತಾಪಸ, ಯಾರ ಮನೆಯ ಒಳಕ್ಕಾದರೂ ಹೋಗಿಬರುವ ಭಿಕ್ಷುಕಿ. ಅಡುಗೆಯವರು, ಮೀಸುವವರು, ನಟರು, ಗಾಯಕರು, ಕಿವುಡರಂತೆ ಮೂಗರಂತೆ ನಟಿಸುವವರು ಬೇರೆ. ಇಷ್ಟು ಹೆಸರುಗಳಲ್ಲಿ ಒಂದಾದರೂ ಪ್ರಜೆಯ ಪರವಾಗಿ ದುಡಿಯುವವನದ್ದಿಲ್ಲ. ಪ್ರಜೆಗೆ ಅನುಮಾನ ಬಂದರೆ ಅವನೇ ಹೋಗಿ ಇಣುಕಿ ನೋಡಬೇಕು.

ಇಂಗ್ಲಿಷಿನವರಿಗೂ ಡಿಟೆಕ್ಟಿವ್ ಎಂಬ ಹೆಸರು ಬಹಳ ಹಳೆಯದೇನಲ್ಲ. 1841ರಲ್ಲಿ ಎಡ್ಗರ್ ಅಲನ್ ಪೋ ಪ್ಯಾರಿಸ್ಸಿನ ದ್ಯುಪಾಂನನ್ನು ಸೃಷ್ಟಿಸಿ ಪತ್ತೇದಾರಿ ಕಥಾಪ್ರಕಾರಕ್ಕೇ ಹಾದಿ ಹಾಕಿದಾಗ ಡಿಟೆಕ್ಟಿವ್ ಎಂಬ ಮಾತು ಚಾಲ್ತಿಗೇ ಬಂದಿರಲಿಲ್ಲ. ಮರುವರ್ಷ ಲಂಡನ್ ಪೊಲೀಸರು ಡಿಟೆಕ್ಟಿವ್ ಶಾಖೆ ತೆರೆದರು. 1850ರ ಸುಮಾರಿಗೆ ಚಾರ್ಲ್ಸ್ ಡಿಕನ್ಸ್ ಆ ಪೊಲೀಸರನ್ನು ಕೂರಿಸಿಕೊಂಡು ಮಾತಾಡಿಸಿ ತನ್ನ ಪತ್ರಿಕೆಯಲ್ಲಿ ಬರೆದದ್ದೇ ಬರೆದದ್ದು, ಪದ ಮನೆಮಾತಾಯಿತು. ಮೂಲ ಲ್ಯಾಟಿನ್. ಟೆಕ್ಟಮ್ ಅಂದರೆ ಮಾಡು. ಡಿಟೆಕ್ಟ್ ಅಂದರೆ ಹೊದಿಕೆ ಸರಿಸುವುದು, ಮಾಡು ತೆಗೆಯುವುದು.

ಮೇಷ್ಟ್ರು ನಕ್ಕರು. “ನಮ್ಮೂರಲ್ಲಿ ಹೆಂಚು ತೆಗೆದು ಒಳಗಿಳಿಯೋನಿಗೆ ಬೇರೆ ಹೆಸರಿತ್ತಪ್ಪ!”

ಅವರು ತಮಾಷೆಗೆ ಅಂದರು, ಚರಿತ್ರೆ ಅದನ್ನೇ ನಿಜ ಮಾಡಿಟ್ಟಿದೆ. ಖಾಸಗಿ ಪತ್ತೇದಾರಿಕೆಯ ಅಂಗಡಿಯನ್ನು ಮೊದಲು ತೆರೆದವನು ಎಂದು ಸಾಮಾನ್ಯವಾಗಿ ಹೆಸರಿಸುವುದು ಫ್ರಾನ್ಸಿನ ಯುಜೀನ್ ಫ್ರಾಂಸ್ವಾ ವಿದೋಕ್‌ನನ್ನು. 1775ರಲ್ಲಿ ಹುಟ್ಟಿದ ಈ ಮಹಾಶಯ ಪ್ರಾಯವನ್ನೆಲ್ಲ ಜೈಲಿಗೆ ಹೋಗುವುದರಲ್ಲಿ, ಜೈಲಿನಿಂದ ತಪ್ಪಿಸಿಕೊಳ್ಳುವುದರಲ್ಲಿ ಕಳೆದ. ಕೊನೆಗೆ ಪೊಲೀಸರಿಗೇ ಸುದ್ದಿ ಕೊಡಲು ಒಪ್ಪಿಕೊಂಡು, ಪ್ಯಾರಿಸ್ಸಿನ ರಹಸ್ಯ ಪೊಲೀಸ್ ಪಡೆ ಸ್ಯೂರೆತೆಯ ಮುಖ್ಯಸ್ಥನೇ ಆದ. ಅಲ್ಲಿಂದ ಹೊರಬಿದ್ದ ಮೇಲೆ 1833ರಲ್ಲಿ ಸ್ವಂತ ಕಚೇರಿ ಹಾಕಿದ. ಅವನ ಗಿರಾಕಿಗಳು ಯಾರು? ಕೊಲೆಯಾದ ಜಮೀನ್ದಾರರ ವಿಧವೆಯರಲ್ಲ, ವ್ಯಾಪಾರಿಗಳು. ಸಾಲಕ್ಕೆ ಸರಕು ಕೇಳುತ್ತಿರುವ ಈತ ಟೋಪಿ ಹಾಕುವ ಪೈಕಿಯೇ ಎಂದು ತಿಳಿಯಬೇಕಾದವರು. ಆ ಕಚೇರಿಯ ಹೆಸರಿನಲ್ಲಿ ಪತ್ತೆ, ಗೂಢ ಎಂಬ ಯಾವ ಮಾತೂ ಇರಲಿಲ್ಲ. ‘ಮಾಹಿತಿ ಕಚೇರಿ’ ಅಷ್ಟೇ. ಇದನ್ನು ನೆನಪಿಡಿ, ಬೆಂಗಳೂರಿಗೆ ಬಂದಾಗ ಬೇಕಾಗುತ್ತದೆ.

ಆಡುಮಾತಿನ ಹೆಸರುಗಳ ಸಂತೆ ಸೇರಿದ್ದು ಅಮೆರಿಕದಲ್ಲಿ. ಸ್ಲೂತ್ ಎಂಬುದು ಅಲ್ಲಿ ನಾಯಿಯಿಂದ ಮನುಷ್ಯನಿಗೆ ಬಡ್ತಿ ಪಡೆದ ಪದ. ಅದರ ಬೇರು ಹಳೆಯ ನಾರ್ಸ್ ಭಾಷೆಯದು, ಅರ್ಥ ಜಾಡು. ಸ್ಕಾಟ್ಲೆಂಡಿನಲ್ಲಿ ವಾಸನೆ ಹಿಡಿದು ಓಡುವ ಬೇಟೆನಾಯಿಗೆ ಸ್ಲೂತ್ ಹೌಂಡ್ ಅನ್ನುತ್ತಿದ್ದರು. ಕಾಲಾಂತರದಲ್ಲಿ ನಾಯಿ ಬಿಟ್ಟುಹೋಗಿ ಸ್ಲೂತ್ ಉಳಿದು ಪತ್ತೇದಾರನ ಹೆಗಲೇರಿತು. ನಾವು ‘ಜಾಡು ಹಿಡಿದು ಹೋದ’ ಎಂದರೆ ಅದೇ ಮಾತು. ಗಮ್‌ಶೂ ಅಂದರೆ ರಬ್ಬರ್ ಅಟ್ಟೆಯ ಬೂಟು, ಹೆಜ್ಜೆ ಸಪ್ಪಳ ಕೇಳದಂತೆ ಹಿಂಬಾಲಿಸುವವನು. ಡಿಕ್ ಎಂಬುದು ಡಿಟೆಕ್ಟಿವ್ ಮುರುಟಿ ಆದದ್ದು ಎನ್ನುತ್ತಾರೆ. ಸಭ್ಯರ ನಡುವೆ ಈಗ ಅದನ್ನು ಬಳಸಬೇಡಿ. 1931ರಲ್ಲಿ ಡಿಕ್ ಟ್ರೇಸಿ ಎಂದು ಕಾಮಿಕ್ ನಾಯಕನಿಗೆ ಹೆಸರಿಡಬಹುದಿತ್ತು, ಇವತ್ತು ಬೇರೆ ಅರ್ಥಕ್ಕೆ ನಗುತ್ತಾರೆ. ಶೇಮಸ್ ಎಂಬ ಇನ್ನೊಂದಿದೆ. ಯಹೂದಿ ಮಂದಿರದ ಪಾರುಪತ್ಯಗಾರನ ಯಿಡ್ಡಿಷ್ ಹೆಸರೋ, ಐರಿಷ್ ಪೊಲೀಸರ ಮಾಮೂಲು ಹೆಸರೋ ಎಂದು ಪಂಡಿತರ ಜಗಳ ಮುಗಿದಿಲ್ಲ. ನಾಯಿ, ಬೂಟು, ಗುಡಿಯ ಆಳು. ಇವುಗಳಲ್ಲಿ ಒಂದಕ್ಕಾದರೂ ಮರ್ಯಾದೆ ಇದೆಯೇ ನೋಡಿ. ಇವೆಲ್ಲ ಹಿಂಬಾಲಿಸಲ್ಪಟ್ಟವರು ಇಟ್ಟ ಹೆಸರುಗಳು ಎಂಬುದು ನನ್ನ ಅನುಮಾನ.

ಪ್ರೈವೇಟ್ ಐ ಮಾತ್ರ ಸ್ವಲ್ಪ ಠೀವಿಯದು, ಅದರ ಹಿಂದೆ ಒಬ್ಬ ಪೀಪಾಯಿ ಮಾಡುವವನಿದ್ದಾನೆ. ಗ್ಲಾಸ್ಗೋದಲ್ಲಿ 1819ರಲ್ಲಿ ಹುಟ್ಟಿದ ಅಲನ್ ಪಿಂಕರ್ಟನ್ ಅಮೆರಿಕಕ್ಕೆ ವಲಸೆ ಹೋಗಿ, ಇಲಿನಾಯ್ ರಾಜ್ಯದ ಡಂಡಿ ಎಂಬ ಊರಿನಲ್ಲಿ ಪೀಪಾಯಿ ಕಟ್ಟಿ ಮಾರುತ್ತಿದ್ದ. ಮರ ಕಡಿಯಲು ಹೊಳೆ ನಡುವಿನ ನಡುಗಡ್ಡೆಗೆ ಹೋದಾಗ ಯಾರೋ ಬೆಂಕಿ ಹಾಕಿದ ಗುರುತು ಕಂಡಿತು. ಜನವಿಲ್ಲದ ಕಡೆ ಬೆಂಕಿ ಯಾಕೆ? ಈತ ಮರದ ಕೆಲಸ ಬಿಟ್ಟು ರಾತ್ರಿ ಹೊಂಚು ಹಾಕಿ ಕೂತ. ಖೋಟಾ ನಾಣ್ಯದ ತಂಡ ಸಿಕ್ಕಿಬಿತ್ತು. ನನ್ನ ಕೇಳಿದರೆ, ಪತ್ತೇದಾರನಾಗುವುದಕ್ಕೆ ಬೇಕಾದ ಯೋಗ್ಯತೆ ಇಷ್ಟೇ, ತನಗೆ ಸಂಬಂಧವಿಲ್ಲದ ಬೂದಿಯ ಬಗ್ಗೆ ನಿದ್ದೆಗೆಡುವುದು. 1850ರ ಆಸುಪಾಸಿಗೆ ಚಿಕಾಗೋದಲ್ಲಿ ಅವನ ಏಜೆನ್ಸಿ ಎದ್ದು ನಿಂತಿತು. 1856ರಲ್ಲಿ ಕೇಟ್ ವಾರ್ನ್ ಎಂಬ ವಿಧವೆ ಬಂದು, ಗಂಡಸರಿಗೆ ಹೇಳದ್ದನ್ನು ಹೆಂಗಸರ ಹತ್ತಿರ ಹೇಳುತ್ತಾರೆ ಎಂದು ವಾದ ಮಾಡಿ ಕೆಲಸ ಗಿಟ್ಟಿಸಿಕೊಂಡಳು. ಕೌಟಿಲ್ಯನ ಭಿಕ್ಷುಕಿಗೆ ಗೊತ್ತಿದ್ದ ಸತ್ಯವೇ.

ಆ ಏಜೆನ್ಸಿಯ ಗುರುತು ತೆರೆದ ಒಂದು ದೊಡ್ಡ ಕಣ್ಣು. ಕೆಳಗೆ, ನಾವು ಎಂದೂ ನಿದ್ರಿಸುವುದಿಲ್ಲ ಎಂಬ ಘೋಷಣೆ. ಆ ಕಣ್ಣಿನಿಂದಲೇ ಪ್ರೈವೇಟ್ ಐ ಬಂತು ಎಂದು ಒಂದು ಮತ. ಇನ್ವೆಸ್ಟಿಗೇಟರ್ ಎಂಬುದರ ಮೊದಲಕ್ಷರ ಐ, ಅದೇ ಕಣ್ಣಾಯಿತು ಎಂದು ಇನ್ನೊಂದು ಮತ. ಎರಡೂ ಸೇರಿ ಪದಕ್ಕೆ ಬಲ ಬಂದಿರಬೇಕು.

ಈ ಕಣ್ಣಿಗೆ ಮಸಿ ಬಿದ್ದದ್ದೂ ಅಷ್ಟೇ ದೊಡ್ಡ ಕಥೆ. ಪಿಂಕರ್ಟನ್ 1884ರಲ್ಲಿ ತೀರಿಕೊಂಡ. ಕಾರ್ಖಾನೆಗಳ ಮಾಲೀಕರು ಅವನ ಏಜೆನ್ಸಿಯವರನ್ನು ಕಾರ್ಮಿಕ ಸಂಘಗಳೊಳಗೆ ನುಗ್ಗಿಸಲು, ಮುಷ್ಕರ ಮುರಿಯಲು ಬಾಡಿಗೆಗೆ ಕರೆಸುತ್ತಿದ್ದರು. 1892ರ ಜುಲೈನಲ್ಲಿ ಪೆನ್ಸಿಲ್ವೇನಿಯದ ಹೋಮ್‌ಸ್ಟೆಡ್ ಉಕ್ಕಿನ ಕಾರ್ಖಾನೆಗೆ ದೋಣಿಗಳಲ್ಲಿ ಬಂದಿಳಿದ ಸುಮಾರು 300 ಪಿಂಕರ್ಟನ್ ಆಳುಗಳಿಗೂ ಕಾರ್ಮಿಕರಿಗೂ ಗುಂಡಿನ ಕಾಳಗ ಆಯಿತು, ಎರಡೂ ಕಡೆ ಹೆಣ ಬಿತ್ತು. ಮರುವರ್ಷ, 1893ರಲ್ಲಿ, ಕೇಂದ್ರ ಸರ್ಕಾರ ಇಂಥವರನ್ನು ಕೆಲಸಕ್ಕಿಟ್ಟುಕೊಳ್ಳಕೂಡದು ಎಂದು ಕಾನೂನೇ ಬಂತು. ಕಾರ್ಮಿಕರ ಬಾಯಲ್ಲಿ ಪಿಂಕರ್ಟನ್ ಎಂಬುದು ಬೈಗುಳವಾಯಿತು. ಅದೇ ಏಜೆನ್ಸಿಯಲ್ಲಿ 1915ರಿಂದ ದುಡಿದ ಡ್ಯಾಶಿಯಲ್ ಹ್ಯಾಮೆಟ್ ಮುಂದೆ ಕಥೆ ಬರೆದಾಗ, ತನ್ನ ಒಬ್ಬ ನಾಯಕನಿಗೆ ಹೆಸರನ್ನೇ ಇಡಲಿಲ್ಲ. ಆಪ್ ಎಂದಷ್ಟೇ ಕರೆದ. ಆಪ್ ಅಂದರೆ ಆಪರೇಟಿವ್, ಕಂಪನಿಯ ಆಳು. ಒಳಗಿದ್ದು ಬಂದವನಿಗೆ ಕಣ್ಣೂ ಬೇಡ, ಬೂಟೂ ಬೇಡ, ಹಾಜರಿ ಪುಸ್ತಕದ ಪದ ಸಾಕಾಯಿತು.

ಬಂಗಾಳದಲ್ಲೂ ಹೀಗೊಬ್ಬ ಹೆಸರು ಒಲ್ಲದವನಿದ್ದಾನೆ. ಅಲ್ಲಿ ಪತ್ತೇದಾರನಿಗೆ ಗೋಯೆಂದಾ ಅನ್ನುತ್ತಾರೆ. ಪಾರ್ಸಿಯಲ್ಲಿ ಅದರ ಅರ್ಥ ಹೇಳುವವನು, ಎಂದರೆ ಚಾಡಿಕೋರ, ಸುದ್ದಿ ಮುಟ್ಟಿಸುವವನು. ಶರದಿಂದು ಬಂದ್ಯೋಪಾಧ್ಯಾಯರ ಬ್ಯೋಮಕೇಶ ಬಕ್ಷಿಗೆ ಈ ಗೋಯೆಂದಾ, ಡಿಟೆಕ್ಟಿವ್ ಎರಡೂ ಮುಜುಗರ. ತನ್ನನ್ನು ಸತ್ಯಾನ್ವೇಷಿ ಎಂದು ಕರೆದುಕೊಂಡ. 1993ರಲ್ಲಿ ದೂರದರ್ಶನದಲ್ಲಿ ರಜಿತ್ ಕಪೂರ್ ಧೋತಿ ಉಟ್ಟು ಬ್ಯೋಮಕೇಶನಾಗಿ ಬಂದದ್ದನ್ನು ಹಿಂದಿ ಅಷ್ಟಾಗಿ ಬಾರದ ನಮ್ಮ ಬೀದಿಯೂ ಕಣ್ಣು ಮಿಟುಕಿಸದೆ ನೋಡಿತು. ಸತ್ಯಜಿತ್ ರಾಯ್ ಅವರ ಫೆಲೂದಾನ ವಿಸಿಟಿಂಗ್ ಕಾರ್ಡಿನಲ್ಲೋ ಪ್ರೈವೇಟ್ ಇನ್ವೆಸ್ಟಿಗೇಟರ್ ಎಂದು ಚೊಕ್ಕ ಇಂಗ್ಲಿಷು. ಷರ್ಲಾಕ್ ಹೋಮ್ಸ್ ಕೂಡ 1887ರ ಮೊದಲ ಕಾದಂಬರಿಯಲ್ಲೇ ತಾನು ಕನ್ಸಲ್ಟಿಂಗ್ ಡಿಟೆಕ್ಟಿವ್, ಲೋಕಕ್ಕೆಲ್ಲ ಒಬ್ಬನೇ ಎಂದು ಹೇಳಿಕೊಂಡ. ಡಾಕ್ಟರು, ವಕೀಲರ ಸಾಲಿನಲ್ಲಿ ಕುರ್ಚಿ ಹಾಕಿಸಿಕೊಳ್ಳುವ ಉಪಾಯ.

ಓದುವವರಿಗೆ ಗತ್ತಿನ ಹೆಸರು ಬೇಕು, ಕಸುಬಿನವರಿಗೆ ಸಪ್ಪೆ ಹೆಸರೇ ಬೇಕು. ಬೆಂಗಳೂರಿನ ಬೋರ್ಡುಗಳನ್ನು ನೋಡಿ. ಕೆಲವರು ಡಿಟೆಕ್ಟಿವ್ ಎಂದು ಬರೆಸುವುದುಂಟು. ಕಂಪನಿಗಳ ಗಿರಾಕಿ ಹಿಡಿದವರು ಇನ್ವೆಸ್ಟಿಗೇಷನ್, ವೆರಿಫಿಕೇಷನ್, ರಿಸ್ಕ್ ಕನ್ಸಲ್ಟಿಂಗ್ ಎಂದು ಮೈಮುಚ್ಚಿಕೊಳ್ಳುತ್ತಾರೆ. ಪತ್ತೇದಾರ ಎಂಬ ಮಾತು ಒಂದು ಬೋರ್ಡಿನಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ಒಳಗೆ ನಡೆಯುವ ಕೆಲಸ ವಿದೋಕ್‌ನ ಮಾಹಿತಿ ಕಚೇರಿಯದೇ. ಸಾಫ್ಟ್‌ವೇರ್ ಕಂಪನಿಗೆ ಸೇರುವವನ ಮಾರ್ಕ್ಸ್ ಕಾರ್ಡು ಅಸಲಿಯೇ, ಹಿಂದಿನ ಕಂಪನಿ ಎಂದು ಬರೆದದ್ದು ನಿಜವಾಗಿ ಇದೆಯೇ, ಇನ್ಶೂರೆನ್ಸ್ ಕೇಳಿದವನ ಮುರಿದ ಕಾಲು ಮುರಿದೇ ಇದೆಯೇ. ಇನ್ನು ಮದುವೆಗೆ ಮುಂಚಿನ ವಿಚಾರಣೆ. ಅಮೆರಿಕದ ಹುಡುಗ ಅಂದರೆ ಅಲ್ಲಿಯ ವಿಚಾರಣೆ ಬೇರೆ, ರೇಟು ಬೇರೆ.

ಈ ಕಸುಬಿಗೆ ನಮ್ಮ ದೇಶದಲ್ಲಿ ಪ್ರತ್ಯೇಕ ಕಾನೂನಿಲ್ಲ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಅಪಾರ್ಟ್‌ಮೆಂಟಿನ ಗೇಟಿಗೆ ಸೆಕ್ಯುರಿಟಿಯವರನ್ನು ಕಳಿಸುವ ಸಂಸ್ಥೆಗೆ 2005ರ ಕಾಯ್ದೆಯ ಪ್ರಕಾರ ಲೈಸೆನ್ಸು ಬೇಕು. ನಿಮ್ಮ ಮಗಳ ಭಾವೀ ಗಂಡನ ಹಿಂದೆ ವಾರಗಟ್ಟಲೆ ಸುತ್ತುವವನಿಗೆ ಅಂಥ ಲೈಸೆನ್ಸಿಲ್ಲ. 2007ರಲ್ಲಿ ಖಾಸಗಿ ಪತ್ತೇದಾರಿ ಸಂಸ್ಥೆಗಳ ನಿಯಂತ್ರಣಕ್ಕೆ ರಾಜ್ಯಸಭೆಯಲ್ಲಿ ಮಸೂದೆ ಮಂಡನೆಯಾಯಿತು, ಕಾಯ್ದೆಯಾಗಲಿಲ್ಲ. ಲೈಸೆನ್ಸಿಲ್ಲ ಎಂದರೆ ವಿಶೇಷ ಅಧಿಕಾರವೂ ಇಲ್ಲ. ಆತ ಯಾರನ್ನೂ ಕರೆಸಿ ವಿಚಾರಿಸುವಂತಿಲ್ಲ, ಮನೆ ಶೋಧಿಸುವಂತಿಲ್ಲ, ಫೋನು ಕದ್ದು ಕೇಳುವಂತಿಲ್ಲ. ಕರೆಗಳ ದಾಖಲೆಯನ್ನು ಯಾರದೋ ಕೈ ಬಿಸಿ ಮಾಡಿ ತರಿಸಿದರೆ ಅದು ಅಪರಾಧ. ಹಾಗೆ ಸಿಕ್ಕಿಬಿದ್ದವರೂ ಇದ್ದಾರೆ. ಬೀದಿಯಲ್ಲಿ ನಿಂತು ನೋಡಬಹುದು, ಕಿರಾಣಿ ಅಂಗಡಿಯವನನ್ನು, ಇಸ್ತ್ರಿಯವನನ್ನು, ವಾಚ್‌ಮನ್‌ನನ್ನು ನಯವಾಗಿ ಕೇಳಬಹುದು, ಯಾರಿಗೂ ತೆರೆದಿರುವ ದಾಖಲೆ ಓದಬಹುದು.

“ಅಂದರೆ ನಮಗೆ ಎಷ್ಟು ಅಧಿಕಾರ ಇದೆಯೋ ಅವನಿಗೂ ಅಷ್ಟೇ ಅನ್ನಿ,” ಅಂದರು ಮೇಷ್ಟ್ರು, ಕಾಂಪೌಂಡಿನ ಮೇಲೆ ಇನ್ನಷ್ಟು ಬಾಗಿ.

ಅಷ್ಟೇ! ಭಾರತದ ಕಾನೂನಿನ ಕಣ್ಣಿನಲ್ಲಿ ಖಾಸಗಿ ಪತ್ತೇದಾರನೂ ಪಕ್ಕದ ಮನೆಯವರೂ ಒಂದೇ. ಆತ ಬಿಲ್ಲು ಕೊಡುತ್ತಾನೆ, ಇವರು ಕೊಡುವುದಿಲ್ಲ.

ಖಾಸಗಿ ಎಂಬ ಪದವೇ ಇಲ್ಲಿ ಎರಡು ದೋಣಿಯ ಮೇಲೆ ಕಾಲಿಟ್ಟಿದೆ. ಅರಬ್ಬಿಯ ಖಾಸ್‌ನಿಂದ ಹೊರಟು ಮರಾಠಿಯ ಮೂಲಕ ನಮ್ಮಲ್ಲಿಗೆ ಬಂದದ್ದು. ಇಂದೂರಿನ ಹೋಳ್ಕರರಲ್ಲಿ ಅರಮನೆಯ ಸ್ವಂತ ಆಸ್ತಿಗೇ ಖಾಸಗಿ ಎಂದು ಹೆಸರಿತ್ತು. ನಮ್ಮಲ್ಲಿ ಖಾಸಗಿ ಬಸ್ಸು ಎಂದರೆ ಸರ್ಕಾರದ್ದಲ್ಲದ್ದು, ಖಾಸಗಿ ವಿಷಯ ಎಂದರೆ ಇನ್ನೊಬ್ಬರು ಕೈ ಹಾಕಬಾರದ್ದು. ಖಾಸಗಿ ಪತ್ತೇದಾರ ಇದರಲ್ಲಿ ಯಾವುದು? ಸರ್ಕಾರದವನಲ್ಲದ ಪತ್ತೇದಾರ ಅಂತ ಆತ ಹೇಳಿಕೊಳ್ಳುತ್ತಾನೆ, ಖಾಸಗಿಯನ್ನೇ ಪತ್ತೆ ಮಾಡುವವನು ಅಂತ ಸಿಕ್ಕಿಬಿದ್ದವರು ಹೇಳುತ್ತಾರೆ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ. ಅದು ಆಧಾರ್ ಕುರಿತು ಶುರುವಾದದ್ದು, ಭಾವೀ ಅಳಿಯಂದಿರ ಕುರಿತಲ್ಲ. ಆದರೂ ಹಕ್ಕು ಹಕ್ಕೇ.

ಇನ್ನು ನಮ್ಮ ಮನೆಗಳಲ್ಲಿ ಈ ಕೆಲಸಕ್ಕೆ ಬಳಸುವ ನಿಜವಾದ ಮಾತು ಯಾವುದು? ವಿಚಾರಿಸುವುದು. ‘ಹುಡುಗನ ಕಡೆ ಚೆನ್ನಾಗಿ ವಿಚಾರಿಸಿದಿರಾ?’ ಅನ್ನುತ್ತಾರೆ. ಒಂದು ಫೋನು ಬರುತ್ತದೆ: “ನಿಮ್ಮ ಬೀದೀಲಿ ಇಂಥವರು ಇದ್ದಾರಂತಲ್ಲ, ಜನ ಹೇಗೆ?” ನಾವು ಗಂಟಲು ಸರಿಮಾಡಿಕೊಂಡು “ಒಳ್ಳೇ ಜನಾನೇ...” ಎಂದು ಎಳೆಯುತ್ತೇವೆ. ಆ ಎಳೆತ ಎಷ್ಟು ಉದ್ದ ಎಂಬುದರ ಮೇಲೆ ಸಂಬಂಧ ನಿಲ್ಲುವುದು, ಮುರಿಯುವುದು. ವರದಿ ಬರೆಯುವ ಯಾವ ಏಜೆನ್ಸಿಗೂ ಆ ಎಳೆತವನ್ನು ಟೈಪು ಮಾಡಲು ಬಾರದು. ಬೀದಿಯಲ್ಲಿ ಯಾರೂ ಯಾರಿಗೂ ಗೊತ್ತಿಲ್ಲದ ಬಡಾವಣೆಗಳು ಎದ್ದ ಮೇಲೆ ಈ ಫೋನು ಮಾಡಲು ಜನ ಸಿಗುವುದಿಲ್ಲ, ಅದಕ್ಕೇ ಏಜೆನ್ಸಿಗೆ ಫೀಸು.

“ಹಾಗಾದರೆ ಹೊಸ ಪದ ಯಾಕೆ, ವಿಚಾರಿಸುವವನು ವಿಚಾರವಾದಿ ಅಂತ ಬೋರ್ಡು ಹಾಕಿಬಿಡಲಿ,” ಅಂದೆ.

“ಹಾಕಿದರೆ ಹೆಣ್ಣು ಹೆತ್ತವರು ಆ ಬೀದಿಗೇ ಬರಲ್ಲ. ದೇವರಿಲ್ಲ ಅನ್ನೋನು ಜಾತಕ ಏನು ನೋಡಿಯಾನು ಅಂತಾರೆ.”

“ವಿಚಾರಣಾಧಿಕಾರಿ?”

“ಲಂಚದ ಕೇಸು ಅಂದುಕೊಂಡು ಹೆದರ್ತಾರೆ.”

ಅಷ್ಟರಲ್ಲಿ ನಡುವಯಸ್ಸಿನ ಒಬ್ಬರು ಗೇಟಿನ ಹತ್ತಿರ ಸ್ಕೂಟರು ನಿಲ್ಲಿಸಿ, ಮೂರನೇ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಹುಡುಗನ ಬಗ್ಗೆ ಒಂಚೂರು ವಿಚಾರಿಸಬೇಕಿತ್ತು ಅಂದರು. ಕಾಲಿಗೆ ರಬ್ಬರ್ ಚಪ್ಪಲಿ ಇತ್ತು, ಅದು ಬಿಸಿಲಿಗೂ ಇರಬಹುದು. ಮೇಷ್ಟ್ರು ಅವರನ್ನು ಕೂರಿಸಿ, ಯಾವೂರು, ಯಾರ ಕಡೆಯವರು, ಮನೆದೇವರು ಯಾವುದು, ಹುಡುಗಿ ಏನು ಓದಿದ್ದಾಳೆ, ತಂದೆಗೆ ಪಿಂಚಣಿ ಉಂಟೇ, ಈ ಹಿಂದೆ ಸಂಬಂಧ ಯಾಕೆ ತಪ್ಪಿತು ಎಲ್ಲವನ್ನೂ ಕಾಲು ಗಂಟೆಯಲ್ಲಿ ತಿಳಿದುಕೊಂಡರು. ಹುಡುಗನ ವಿಷಯ ಬಂದಾಗ, “ಒಳ್ಳೇ ಹುಡುಗಾನೇ,” ಅಂದರು. ಆ ‘ನೇ’ಯನ್ನು ಎಷ್ಟು ಎಳೆದರು ಅಂತ ಮಾತ್ರ ನನ್ನನ್ನು ಕೇಳಬೇಡಿ, ಅದು ಖಾಸಗಿ.